ಕಾಫಿ ಮುಟ್ಟದ ಪ್ರೊಫೆಸರ್

ಹೋದ ತಿಂಗಳು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ಶ್ರದ್ಧಾಂಜಲಿ ಸಭೆಯೊಂದನ್ನು ಏರ್ಪಡಿಸಿದ್ದರು. ಬಸವೇಶ್ವರನಗರದಲ್ಲಿ ಮನುಷ್ಯ ಬದುಕಿರುವಾಗ ಅವನ ಮನೆ ಮುಂದೆ ಕಾರು ನಿಲ್ಲಿಸಿ ಜಗಳವಾಡುತ್ತಾರೆ. ಸತ್ತ ಮೇಲೆ ಶಾಲು ಹೊದೆಸಿದ ಫೋಟೋ ಇಟ್ಟು ಅವನನ್ನು ಮಹಾನುಭಾವ ಎನ್ನುತ್ತಾರೆ. ಅಧ್ಯಕ್ಷರು ಮೈಕನ್ನು ಬೆರಳಿನಿಂದ ತಟ್ಟಿ ನೋಡಿ, ಅಗಲಿದ ಪ್ರೊಫೆಸರ್ ಸಾಹೇಬರು ಮಹಾ ಕಾಫಿಪ್ರಿಯರಾಗಿದ್ದರೆಂದೂ, ಅವರ ಆತ್ಮಕ್ಕೆ ಸಂತೋಷವಾಗಲಿ ಎಂದು ಸಭೆಯ ಕೊನೆಗೆ ಎಲ್ಲರಿಗೂ ಫಿಲ್ಟರ್ ಕಾಫಿ ಇದೆಯೆಂದೂ ಘೋಷಿಸಿದರು. ಹಾರದ ನಡುವಿನಿಂದ ನೋಡುತ್ತಿದ್ದ ಫೋಟೋದ ಹುಬ್ಬು ಇನ್ನಷ್ಟು ಗಂಟಿಕ್ಕಿದಂತೆ ನನಗೆ ಕಂಡಿತು.

ಅವರು ಕಾಫಿ ಮುಟ್ಟಿದವರಲ್ಲ. ಕಾಫಿಯ ಮೇಲೆ ಪಿಎಚ್‌ಡಿ ಪಡೆದರು, ಕಾಫಿಯಿಂದ ಬಡ್ತಿ ಪಡೆದರು, ವಿಭಾಗದ ಮುಖ್ಯಸ್ಥರ ತಿರುಗುವ ಕುರ್ಚಿಯನ್ನೂ ಪಡೆದರು. ಕುಡಿದದ್ದು ಮಾತ್ರ ರಾಗಿ ಮಾಲ್ಟು. ನಾನು ಮೆಡಿಕಲ್ ಕಾಲೇಜೊಂದರ ಶರೀರಕ್ರಿಯಾ ವಿಭಾಗದಲ್ಲಿ ಅವರ ಕೈಕೆಳಗೆ ಸೇವೆಯ ಬಹುಭಾಗವನ್ನು ಸವೆಸಿದವನು. ನಿವೃತ್ತನಾದ ಮೇಲೆ ಅವರಿಂದ ಬಿಡುಗಡೆಯಾಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಅವರು ನಮ್ಮ ಪಕ್ಕದ ರಸ್ತೆಯಲ್ಲೇ ಮನೆ ಕಟ್ಟಿಸಿದರು. ಇಷ್ಟು ವರ್ಷಗಳಲ್ಲಿ ಅವರು ಕಾಫಿ ಕುಡಿದದ್ದನ್ನು ನಾನು ಕಂಡದ್ದು ಒಂದೇ ಸಲ, ಒಂದೇ ಮನೆಯಲ್ಲಿ. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅವರನ್ನು ಹೊಗಳುವ ಕೆಲಸವನ್ನು ಅಧ್ಯಕ್ಷರು ಆಗಲೇ ಮುಗಿಸಿದ್ದಾರೆ.

ನೋಡಲು ಹೇಗಿದ್ದರು ಎಂದರೆ, ಬಿಸ್ಕತ್ತಿನ ಬಣ್ಣದ ಸಫಾರಿ, ಎದೆಯ ಜೇಬಿನಲ್ಲಿ ಬರೆಯದ ಪೆನ್ನುಗಳು, ಎದುರಿಗಿದ್ದವರ ತಲೆಯ ಮೇಲೆ ಎಲ್ಲೋ ನೆಟ್ಟ ದೃಷ್ಟಿ. ಕ್ಯಾಂಟೀನಿನಲ್ಲಿ ನಾವು ಕಾಫಿಗೆ ಬಾಯಿಟ್ಟ ಗಳಿಗೆಯಲ್ಲೇ ಫ್ಲಾಸ್ಕ್ ಹಿಡಿದು ಬಂದು ಕೂರುತ್ತಿದ್ದರು. "ಕುಡೀರಿ ಕುಡೀರಿ. ನಿಮ್ಮ ಅಡಿನೋಸಿನ್‌ಗೆ ಇವತ್ತೂ ಕೆಲಸ ಇಲ್ಲ" ಎನ್ನುತ್ತಿದ್ದರು. ಅಡಿನೋಸಿನ್ ಎಂದರೆ ದಣಿದ ಮೆದುಳಿನಲ್ಲಿ ಊರಿ ನಿದ್ದೆ ತರಿಸುವ ಒಂದು ವಸ್ತು. ಅವರ ಬಾಯಲ್ಲಿ ಅದು ಗಂಡನ ಮನೆಯಲ್ಲಿ ಕಷ್ಟಪಡುತ್ತಿರುವ ತಂಗಿಯ ಹೆಸರಿನಂತೆ ಕೇಳಿಸುತ್ತಿತ್ತು. ಆಮೇಲೆ ಆ ಕಾಫಿ ನಮಗೆ ಇಳಿಯುತ್ತಿರಲಿಲ್ಲ.

ಅವರ ಸಂಶೋಧನೆಯ ವಿಷಯವನ್ನು ಮಾತ್ರ ನಾನು ಗೇಲಿ ಮಾಡಲಾರೆ. ಅದು ನಿಜಕ್ಕೂ ಸೋಜಿಗದ್ದು. ಆಗಷ್ಟೇ ಹುಟ್ಟಿದ ಇಲಿಮರಿಯ ಮೆದುಳಿನ ಬುಡದಿಂದ ಹಪ್ಪಳಕ್ಕಿಂತ ತೆಳ್ಳಗಿನ ಒಂದು ಬಿಲ್ಲೆ ಕೊಯ್ದು, ಬೆಚ್ಚಗಿನ ಉಪ್ಪುನೀರಿನ ಬಟ್ಟಲಲ್ಲಿಟ್ಟು ಆಮ್ಲಜನಕ ಉಣಿಸುತ್ತಿದ್ದರೆ ಆ ಬಿಲ್ಲೆ ಉಸಿರಾಡುತ್ತದೆ. ಮೂಗಿಲ್ಲ, ಎದೆಯಿಲ್ಲ, ಶ್ವಾಸಕೋಶವಿಲ್ಲ. ಆದರೂ ಉಸಿರೆಳೆಯಲು ಅಪ್ಪಣೆ ಕೊಡುವ ಆ ನರಕೋಶಗಳ ಗುಂಪು ತನ್ನ ಪಾಡಿಗೆ ತಾನು 'ಎಳಿ, ಬಿಡು, ಎಳಿ, ಬಿಡು' ಎನ್ನುತ್ತಿರುತ್ತದೆ. ಯಂತ್ರದ ಮುಳ್ಳು ಅದನ್ನು ಕಾಗದದ ಮೇಲೆ ಏರಿಳಿಸಿ ಬರೆಯುತ್ತದೆ. ಬಟ್ಟಲಿಗೆ ಚೂರು ಕೆಫೀನ್ ಬಿಟ್ಟರೆ, ತೂಕಡಿಸುತ್ತಿದ್ದ ಗೆರೆ ಎದ್ದು ಕೂತು ಚುರುಕಾಗುತ್ತದೆ. ಇಷ್ಟನ್ನು ಅವರು ಯೌವನದಲ್ಲಿ ಕಂಡರು, ಒಂದು ನಕ್ಷೆಯಾಗಿ ಅಚ್ಚುಹಾಕಿಸಿದರು. ಮುಂದಿನ ಇಡೀ ವೃತ್ತಿಜೀವನವನ್ನು ಆ ಒಂದೇ ನಕ್ಷೆಯನ್ನು ತೋರಿಸುತ್ತ ಕಳೆದರು.

ನಮ್ಮ ವಿಭಾಗಕ್ಕೂ ಅಂಥದೊಂದು ಯಂತ್ರವನ್ನು ಅವರು ತರಿಸಿದ್ದರು. ಬಂದ ದಿನ ಹೂವಿನ ಚಿತ್ರದ ಮೇಜುಬಟ್ಟೆ ಹೊದೆಸಿದ್ದು, ವರ್ಷಕ್ಕೊಮ್ಮೆ ಮಾತ್ರ ತೆಗೆಯುತ್ತಿದ್ದರು. ಆಯುಧಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಮುಂದೆ ಒಡೆದ ಬೂದುಗುಂಬಳ. ಪ್ರೊಫೆಸರರೇ ಮಂಗಳಾರತಿ ಎತ್ತುತ್ತಿದ್ದರು. ಮಾರನೆಯ ದಿನ ಮತ್ತೆ ಮೇಜುಬಟ್ಟೆ. ಸ್ವಿಚ್ಚು ಹಾಕಿದ್ದನ್ನು ಯಾರೂ ಕಾಣೆವು. ಕುಂಕುಮ ಮಾತ್ರ ಗುಂಡಿಗಳ ಸಂದಿಗೆಲ್ಲ ಇಳಿದು, ಕೊನೆಕೊನೆಗೆ ಯಾವ ಗುಂಡಿಯೂ ತಿರುಗದಂತಾಗಿತ್ತು.

ಆದರೆ ಪಾಠ ಹೇಳುತ್ತಿದ್ದರು, ಒಪ್ಪಬೇಕು. ದಿನ ತುಂಬದೆ ಹುಟ್ಟಿದ ಮಗು ಉಸಿರಾಡುತ್ತ ಉಸಿರಾಡುತ್ತ ಯಾಕೆ ನಿಲ್ಲಿಸಿಬಿಡುತ್ತದೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ಅವರು ನಮ್ಮತ್ತ ಕೈ ತೋರಿಸಿ, "ಅದರ ಮೆದುಳಿನ ಬುಡ ನಮ್ಮ ಡಿಪಾರ್ಟ್‌ಮೆಂಟ್ ಇದ್ದ ಹಾಗಮ್ಮ. ಎಲ್ಲರೂ ಹಾಜರಿರ್ತಾರೆ. ಶುರು ಮಾಡೋರು ಯಾರೂ ಇರಲ್ಲ" ಎಂದರು. ತರಗತಿ ನಕ್ಕಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾವೂ ನಕ್ಕೆವು, ಬಡ್ತಿ ಬಾಕಿಯಿತ್ತು. ಕಾಫಿ ಅಲ್ಲಿ ಏನು ಮಾಡುತ್ತದೆ ಎಂಬುದಕ್ಕೂ ಅವರದೇ ವಿವರಣೆ: ಕಾಫಿ ಯಾರನ್ನೂ ಹಿಂದಿನಿಂದ ತಳ್ಳುವುದಿಲ್ಲ. ಅಡಿನೋಸಿನ್ ಎಂಬಾಕೆ ಕುರ್ಚಿಯ ಮೇಲೆ ಕೂತು ಜೋಗುಳ ಹಾಡುತ್ತಿರುತ್ತಾಳೆ. ಕಾಫಿ ಬಂದು ಆ ಕುರ್ಚಿಯಲ್ಲಿ ತಾನು ಕೂತುಬಿಡುತ್ತದೆ, ಅಷ್ಟೆ. ಜೋಗುಳ ನಿಂತರೆ ಎಚ್ಚರ. ಇಷ್ಟು ಹೇಳಿ, ಕೊನೆಗೆ ತಪ್ಪದೆ ದನಿ ತಗ್ಗಿಸಿ ಇನ್ನೊಂದನ್ನು ಹೇಳುತ್ತಿದ್ದರು. ನಮ್ಮ ಹೊಟ್ಟೆಗೆ ಬೆಳಿಗ್ಗೆ ಇಳಿದ ಕಾಫಿ ರಾತ್ರಿಯೊಳಗೆ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಎಳೆಗೂಸಿನ ಯಕೃತ್ತಿಗೆ ಅದನ್ನು ಕರಗಿಸಲು ಬರುವುದಿಲ್ಲ, ದಿನಗಟ್ಟಲೆ ಒಳಗೇ ಉಳಿಯುತ್ತದೆ. ಆದ್ದರಿಂದ ಅಳತೆ ತಪ್ಪಿದರೆ ಔಷಧಿಯೇ ವಿಷ. ಈ ಮಾತನ್ನು ನೆನಪಿಡಬೇಕು. ನಾವೆಲ್ಲ ನೆನಪಿಟ್ಟಿದ್ದೆವು. ಮರೆತವರು ಒಬ್ಬರೇ.

ನಮ್ಮ ಸಂಘದವರು ಪಾರ್ಕಿನ ಪಕ್ಕದ ಸಭಾಂಗಣದಲ್ಲಿ ಭಾನುವಾರದ ಉಪನ್ಯಾಸಗಳನ್ನು ನಡೆಸುತ್ತಾರೆ. ಮಂಡಿನೋವು, ಸಕ್ಕರೆ ಕಾಯಿಲೆ, ಉಯಿಲು ಬರೆಯುವ ಬಗೆ, ಮತ್ತೆ ಮಂಡಿನೋವು. ಒಂದು ಭಾನುವಾರ ಪ್ರೊಫೆಸರರ ಸರದಿ ಬಂತು. ವಿಷಯ: ಕಾಫಿ ಮತ್ತು ನವಜಾತ ಶಿಶುವಿನ ಉಸಿರು. ಕಾಫಿ ಬಿಡಿ ಎಂದು ವೈದ್ಯರಿಂದ ಬೈಸಿಕೊಂಡೇ ಬದುಕಿದ್ದ ಹಿರಿಯರೆಲ್ಲ ಸಭಾಂಗಣ ತುಂಬಿದ್ದರು. ತಮ್ಮ ಚಟವೇ ದಿನ ತುಂಬದ ಕೂಸುಗಳಿಗೆ ಸಂಜೀವಿನಿ ಎಂದು ಕೇಳಿದ್ದೇ ತಡ, ಬಿದ್ದವು ಚಪ್ಪಾಳೆ.

ಪ್ರೊಫೆಸರರಿಗೆ ಜೀವಮಾನದಲ್ಲಿ ಅದೇ ಮೊದಲ ಚಪ್ಪಾಳೆ. ಅದು ಒಳಗೆ ಹೋಗಿ ಯಾವುದೋ ಕುರ್ಚಿಯಲ್ಲಿ ಕೂತಿತೆಂದು ಕಾಣುತ್ತದೆ. ತಡೆಯುವವರು ಯಾರೂ ಉಳಿಯಲಿಲ್ಲ. ನಕ್ಷೆಯನ್ನು ಬಿಟ್ಟು ವೇದಿಕೆಯ ತುದಿಗೆ ಬಂದು, ಸಫಾರಿಯ ಅಂಚು ಜಗ್ಗಿಕೊಂಡು ಹೇಳಿದರು: "ಹುಟ್ಟಿದ ಮಗುವಿಗೆ ಉಸಿರಾಡೋದನ್ನ ಕಲಿಸೋ ಔಷಧಿ ಎಲ್ಲೂ ದೂರ ಇಲ್ಲ. ನಿಮ್ಮ ಅಡುಗೆಮನೆ ಫಿಲ್ಟರಿನಲ್ಲಿ ಈಗ ತೊಟ್ಟಿಕ್ತಾ ಇದೆ." ಮತ್ತೆ ಚಪ್ಪಾಳೆ. ದನಿ ತಗ್ಗಿಸಿ ಹೇಳಬೇಕಾಗಿದ್ದ ಆ ಇನ್ನೊಂದು ಮಾತಿಗಾಗಿ ನಾನು ಕಾದೆ. ವಂದನಾರ್ಪಣೆ ಶುರುವಾಯಿತು.

ಎರಡನೆಯ ಸಾಲಿನಲ್ಲಿ ಪುಟ್ಟಗೌರಮ್ಮ ಎಂಬಾಕೆ ಕೂತಿದ್ದರು. ನಮ್ಮ ಹಿಂದಿನ ಕ್ರಾಸಿನವರು. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದು ತೀರಿಹೋಗಿದ್ದರು, ಮಗಳು ಬಾಣಂತನಕ್ಕೆ ಬಂದಿದ್ದಳು. ಹೆಣ್ಣುಕೂಸು, ದಿನ ತುಂಬುವ ಮೊದಲೇ ಹುಟ್ಟಿದ್ದು. ವಾರಗಟ್ಟಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಉಸಿರು ನಿಂತಾಗಲೆಲ್ಲ ಯಂತ್ರ ಕೂಗುತ್ತಿತ್ತು, ದಾದಿಯರು ಅಂಗಾಲು ತಟ್ಟಿ ಎಬ್ಬಿಸುತ್ತಿದ್ದರು. ಉಸಿರಿಗೆಂದು ಕೊಡುವ ಔಷಧಿ ಕಾಫಿಯಲ್ಲಿರುವ ವಸ್ತುವೇ ಎಂದು ಅಲ್ಲಿನ ಡಾಕ್ಟರು ಮಗಳಿಗೆ ತಿಳಿಸಿದ್ದರು. ಮಗು ಗಟ್ಟಿಯಾದ ಮೇಲೆ ಔಷಧಿ ನಿಲ್ಲಿಸಿ, ಕೆಲವು ದಿನ ನೋಡಿ, ಇನ್ನು ಭಯವಿಲ್ಲವೆಂದು ಮನೆಗೆ ಕಳಿಸಿದ್ದರು. ಭಯವಿಲ್ಲವೆಂದದ್ದು ಡಾಕ್ಟರು. ಕೂಗುವ ಯಂತ್ರವಿಲ್ಲದ ಮನೆಯಲ್ಲಿ ಕೂಸಿನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ಕೂರುತ್ತಿದ್ದದ್ದು ಅಜ್ಜಿ. ಔಷಧಿಯನ್ನು ನಿಲ್ಲಿಸಿಬಿಟ್ಟರಲ್ಲ ಎಂಬ ಒಂದೇ ಕೊರಗು ಆಕೆಗೆ. ಈಗ ದೊಡ್ಡ ಪ್ರೊಫೆಸರರೇ ಔಷಧಿ ಫಿಲ್ಟರಿನಲ್ಲಿದೆ ಎಂದರು.

ನಮ್ಮ ಕಡೆ ಎಳೆಗೂಸಿಗೆ ಬಜೆಬೇರನ್ನು ಕಲ್ಲಿನ ಮೇಲೆ ಎದೆಹಾಲಿನಲ್ಲಿ ತೇಯ್ದು ನಾಲಗೆಗೆ ಮುಟ್ಟಿಸುವುದುಂಟು. ಪುಟ್ಟಗೌರಮ್ಮ ಅದೇ ಕಲ್ಲು, ಅದೇ ಬೇರು, ಕೂಸಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆಯನ್ನು ಇಟ್ಟುಕೊಂಡು, ಹಾಲಿನ ಬದಲು ಮುಂಜಾನೆ ಮೊದಲು ಇಳಿದ ಗಟ್ಟಿ ಡಿಕಾಕ್ಷನ್ನಿನಲ್ಲಿ ತೇಯ್ದರು. ನಾಲಗೆಗೆ ಮುಟ್ಟಿಸಿದರೆ ಸಾಲದೆನಿಸಿ, ಒಳಲೆಯಲ್ಲಿ ಕುಡಿಸಿದರು. ದಿನಾ ಬೆಳಿಗ್ಗೆ, ದೀಪ ಹಚ್ಚಿದ ಮೇಲೆ.

ಮುಂದಿನ ವಾರ, ನಾನು ಪ್ರೊಫೆಸರರ ಜಗಲಿಯಲ್ಲಿ ಕೂತು ಅವರ ಉಪನ್ಯಾಸದ ಬಗ್ಗೆ ಅವರ ಅಭಿಪ್ರಾಯವನ್ನು ಕೇಳುತ್ತಿದ್ದಾಗ, ಪುಟ್ಟಗೌರಮ್ಮ ಡಬ್ಬಿಯ ತುಂಬ ಕೋಡುಬಳೆ ಹಿಡಿದು ಗೇಟು ತೆಗೆದು ಬಂದರು. ಮುಖ ಅರಳಿತ್ತು.

"ನೀವು ಹೇಳ್ದಂಗೇ ಮಾಡ್ದೆ ಸಾರ್. ಮಗು ಈಗ ಕಣ್ಣೇ ಮುಚ್ಚಲ್ಲ, ಅಷ್ಟು ಚುರುಕು. ಕೈಕಾಲು ಹೆಂಗೆ ಆಡಿಸ್ತದೆ ಅಂತೀರಾ, ಪಟಪಟ ಪಟಪಟ. ಕುಡಿದ ಹಾಲು ಮಾತ್ರ ಕಕ್ತಾ ಇದೆ, ನೆನ್ನೆಯಿಂದ."

ಪ್ರೊಫೆಸರರು ಏನು ಕುಡಿಸಿದಿರಿ ಎಂದು ಕೇಳಿದರು. ಆಕೆ ಹೇಳಿದರು. ಆಗ ಆ ಮಹಾಶಯರ ಬಾಯಿಂದ ಬಂದ ಮೊದಲ ಮಾತನ್ನು ನಾನು ಹಾಗೆಯೇ ಇಲ್ಲಿ ದಾಖಲಿಸುತ್ತೇನೆ: "ನಾನು ಹೇಳಿದ್ದು ಸಿಟ್ರೇಟ್ ರೂಪ." ಆಸ್ಪತ್ರೆಯಲ್ಲಿ ಹನಿ ಲೆಕ್ಕದಲ್ಲಿ ಅಳೆದು ಕೊಡುವ ಕೆಫೀನ್ ಔಷಧಿ ಅದು; ಉಪನ್ಯಾಸದಲ್ಲಿ ಆ ಪದವನ್ನು ಅವರು ಆಡಿರಲೇ ಇಲ್ಲ.

ಆಮೇಲೆ ಮುಖದ ಬಣ್ಣ ಇಳಿಯಿತು. ಎದ್ದರು. ಚಪ್ಪಲಿ ಹಾಕಿಕೊಳ್ಳಲಿಲ್ಲ. ಜೀವಮಾನವೆಲ್ಲ ಶವಯಾತ್ರೆಯ ನಡಿಗೆಯಲ್ಲಿ ನಡೆದವರು ಹಿಂದಿನ ಕ್ರಾಸಿಗೆ ಬರಿಗಾಲಲ್ಲಿ ಓಡಿದರು. ಬೀದಿನಾಯಿಗಳು ಗೌರವದಿಂದ ದಾರಿ ಬಿಟ್ಟವು. ತೊಟ್ಟಿಲಿಗೆ ಬಗ್ಗಿ, ಕೂಸಿನ ಎದೆಯ ಮೇಲೆ ಎರಡು ಬೆರಳಿಟ್ಟು ನೋಡಿ, "ಆಟೋ ಕರೀರಿ" ಎಂದರು. ನನಗೇ ಹೇಳಿದ್ದು, ಆದರೆ ದನಿ ಅವರದಾಗಿರಲಿಲ್ಲ.

ಮಗು ಮೊದಲಿದ್ದ ಆಸ್ಪತ್ರೆ ವಿಜಯನಗರದ ಆಚೆ. ಒಂದೇ ಆಟೋದಲ್ಲಿ ಹಿಂದೆ ಕೂಸನ್ನು ಎದೆಗೊತ್ತಿಕೊಂಡ ತಾಯಿ, ಅಜ್ಜಿ, ಪ್ರೊಫೆಸರ್. ಮುಂದೆ ಡ್ರೈವರ್ ಪಕ್ಕದಲ್ಲಿ ಅರ್ಧ ಕೂತು ಅರ್ಧ ತೂಗಿದ ನಾನು. ಕೂಸಿನ ಗಲ್ಲ ನಡುಗುತ್ತಿತ್ತು. ಮಾಗಡಿ ರಸ್ತೆಯ ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ನಿಂತಾಗ ಡ್ರೈವರ್ ಮಗುವಿಗೆ ಏನಾಯಿತೆಂದು ಕೇಳಿದ. ಡಿಕಾಕ್ಷನ್ ಕುಡಿಸಿದ್ದಾರೆ ಎಂದೆ. ಅವನು ಕನ್ನಡಿಯಲ್ಲಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. "ನೋಡಿದ್ರೆ ಓದಿದೋರ ಥರ ಇದೀರಲ್ಲ ಸಾರ್" ಎಂದು ಹೇಳಿ, ಸಿಗ್ನಲ್ ಹಸಿರಾಗುವ ಮೊದಲೇ ನುಗ್ಗಿಸಿದ.

ಹಿಂದಿನಿಂದ ಪ್ರೊಫೆಸರರ ದನಿ ಬಂತು. ಪುಡಿಯಲ್ಲಿ ಚಿಕೋರಿ ಎಷ್ಟು ಹಾಕಿಸುತ್ತೀರಿ ಎಂದು ಕೇಳುತ್ತಿದ್ದರು. ಚಿಕೋರಿ ಬೆರೆತಷ್ಟೂ ಕೆಫೀನ್ ಕಡಿಮೆ.

"ಚಿಕೋರಿನಾ? ಒಂದು ಚೂರೂ ಹಾಕ್ಸಲ್ಲ ಸಾರ್ ನಾವು" ಎಂದರು ಪುಟ್ಟಗೌರಮ್ಮ, ಆ ಸ್ಥಿತಿಯಲ್ಲೂ ಸ್ವಲ್ಪ ಹೆಮ್ಮೆಯಿಂದ. "ಎದುರಿಗೇ ಹುರಿಸಿ ಬೀಸ್ಕೊಂಡು ಬರೋದು. ಪ್ಯೂರು."

ಕಲಬೆರಕೆ ಮಾಡದ ಅಂಗಡಿಯವನನ್ನು ನಾನು ಮನಸ್ಸಿನಲ್ಲೇ ಶಪಿಸಿದ್ದು ಅದೇ ಮೊದಲು, ಅದೇ ಕೊನೆ.

ಆಸ್ಪತ್ರೆಯಲ್ಲಿ ಕೂಸನ್ನು ಕೈಗೆತ್ತಿಕೊಂಡ ಮಕ್ಕಳ ಡಾಕ್ಟರು ನಮ್ಮ ಹಳೆಯ ವಿದ್ಯಾರ್ಥಿನಿ. ಆ ದಿನ ತರಗತಿಯಲ್ಲಿ ಉಸಿರಿನ ಪ್ರಶ್ನೆ ಕೇಳಿದ್ದವಳೇ. ಎದೆಬಡಿತ ವಿಪರೀತ ಏರಿತ್ತು. ಫಿಟ್ಸ್ ಬರದಂತೆ ಕಾಯಬೇಕು, ಮತ್ತೆ ಗಾಜಿನ ಪೆಟ್ಟಿಗೆಗೇ ಒಯ್ಯಬೇಕು ಎಂದಳು. ಪ್ರೊಫೆಸರರು ಅವಳ ಹಿಂದೆಯೇ ಹೋಗುತ್ತ, ಎಳೆಗೂಸಿನ ಯಕೃತ್ತು ಅದನ್ನು ಕರಗಿಸಲಾರದೆಂದೂ ಒಂದೊಂದು ಬೆಳಗಿನದೂ ಹಿಂದಿನದರ ಮೇಲೆ ಸೇರಿರುತ್ತದೆಂದೂ ಹೇಳತೊಡಗಿದರು.

"ಗೊತ್ತು ಸಾರ್. ನೀವೇ ಹೇಳಿಕೊಟ್ಟಿದ್ದು" ಎಂದಳು ಅವಳು, ತಿರುಗಿ ನೋಡದೆ.

ಕೂಸಿಗೆ ತಂತಿಗಳನ್ನೆಲ್ಲ ಅಂಟಿಸಿದ ಮೇಲೆ ಹೊರಗೆ ಬಂದು, ಹೀಗೆ ಕುಡಿಸಲು ನಿಮಗೆ ಹೇಳಿದವರು ಯಾರು ಎಂದು ಪುಟ್ಟಗೌರಮ್ಮನನ್ನು ಕೇಳಿದಳು. ಪುಟ್ಟಗೌರಮ್ಮ ಪ್ರೊಫೆಸರರ ಕಡೆ ನೋಡಿದರು. ನಾನೂ ನೋಡಿದೆ. ಕೂಸಿನ ತಾಯಿಯೂ ನೋಡಿದಳು. ಪ್ರೊಫೆಸರರು ಗೋಡೆಯ ಮೇಲಿನ ಲಸಿಕೆಯ ಚಿತ್ರವನ್ನು ಓದುತ್ತಿದ್ದರು. ಅವರು ಬಾಯಿ ತೆರೆಯಲೆಂದು ನಾವು ಕೊಟ್ಟ ಸಮಯ ಸಣ್ಣದಲ್ಲ. ಸಂಕೋಚವಿರುವ ಯಾರಿಗಾದರೂ ಸಾಕಾಗುವಷ್ಟಿತ್ತು. ಕೊನೆಗೆ ಅಜ್ಜಿಯೇ, "ಯಾರೂ ಇಲ್ಲ ಡಾಕ್ಟ್ರಮ್ಮ. ನಂದೇ ಬುದ್ಧಿ" ಎಂದರು. ಡಾಕ್ಟರಿಂದ ಬೈಗುಳವೆಲ್ಲ ಅವರಿಗೇ ಬಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತು ಕೇಳಿಸಿಕೊಂಡರು.

ಪ್ರೊಫೆಸರರ ಬಗ್ಗೆ ನನಗಿದ್ದ ಅಭಿಪ್ರಾಯ ಅಲ್ಲಿಯವರೆಗೆ ತಮಾಷೆಯದಾಗಿತ್ತು. ಅಲ್ಲಿಂದ ಮುಂದೆ ತಮಾಷೆ ಉಳಿಯಲಿಲ್ಲ.

ಕೂಸು ಉಳಿಯಿತು. ನಡುಕ ನಿಲ್ಲಲು, ಎದೆಬಡಿತ ಇಳಿಯಲು ದಿನಗಳೇ ಹಿಡಿದವು. ಆ ದಿನಗಳಲ್ಲಿ ಪ್ರೊಫೆಸರರು ಆಸ್ಪತ್ರೆಯ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂದು ಕೂರುತ್ತಿದ್ದರೆಂಬುದನ್ನೂ ಹೇಳಬೇಕು. ಗಾಜಿನಾಚೆ ನೋಡುತ್ತ, ಕೂಸಿನ ಹೊಟ್ಟೆ ಏರಿದಾಗಲೆಲ್ಲ ತೊಡೆಯ ಮೇಲೆ ಒಂದು ಬೆರಳು ಎತ್ತುವರು, ಇಳಿದಾಗ ಇಳಿಸುವರು. ಅವರ ಯಂತ್ರದ ಮುಳ್ಳು ಕೊನೆಗೂ ಓಡಿದ್ದು ಅಲ್ಲೇ.

ಕೂಸು ಮನೆಗೆ ಬಂದ ಮೇಲಿನ ಭಾನುವಾರ, ಮಂಡಿನೋವಿನ ಡಾಕ್ಟರು ಮಾತಾಡುವ ಮೊದಲು ತಮಗೆ ಸ್ವಲ್ಪ ಸಮಯ ಬೇಕೆಂದು ಪ್ರೊಫೆಸರರು ಅಧ್ಯಕ್ಷರನ್ನು ಕೇಳಿಕೊಂಡರು. ಸರಿ, ಈಗ ತಪ್ಪೊಪ್ಪಿಗೆ ಬಂತು ಎಂದುಕೊಂಡೆ. ವೇದಿಕೆ ಹತ್ತಿದರು. ಅದೇ ನಕ್ಷೆ ಹಾಕಿಸಿದರು. ಔಷಧಿಗೂ ಪಾನೀಯಕ್ಕೂ ವ್ಯತ್ಯಾಸ, ಅಳತೆಯ ಮಹತ್ವ, ವೈದ್ಯರ ಸಲಹೆಯ ಅಗತ್ಯ ಎಂದು ಅದನ್ನೂ ಮೂರು ಭಾಗ ಮಾಡಿ, ಕೊನೆಗೆ, ತಮ್ಮ ಹಿಂದಿನ ಉಪನ್ಯಾಸವನ್ನು ಕೆಲವರು ಅಪಾರ್ಥ ಮಾಡಿಕೊಂಡಿರುವುದು ಗಮನಕ್ಕೆ ಬಂದಿದೆ ಎಂದರು. ಎರಡನೆಯ ಸಾಲಿನಿಂದ ಪುಟ್ಟಗೌರಮ್ಮ ಎದ್ದರು. ಕುರ್ಚಿಗಳ ನಡುವೆ ಸೀರೆ ಸರಿಸಿಕೊಂಡು ಹೊರಟುಹೋದರು. ಹಿಂದಿನ ಸಾಲಿನ ಹಿರಿಯರೊಬ್ಬರು ಕೈಯೆತ್ತಿ, ಹಾಗಾದರೆ ಬಿಪಿ ಇರುವವರು ದಿನಕ್ಕೆ ಎಷ್ಟು ಲೋಟ ಕುಡಿಯಬಹುದು ಎಂದು ಕೇಳಿದರು. ಪ್ರೊಫೆಸರರು ಆಕೆ ಹೋದ ಬಾಗಿಲನ್ನೇ ನೋಡುತ್ತಿದ್ದರು.

ಆ ಸಂಜೆಯೇ ಪ್ರೊಫೆಸರರು ನನ್ನ ಮನೆಗೆ ಬಂದು, ಪುಟ್ಟಗೌರಮ್ಮನ ಮನೆಗೆ ನನ್ನ ಜೊತೆ ಬನ್ನಿ ಎಂದರು. ಒಬ್ಬರೇ ಹೋಗಲು ಏನು ಕಷ್ಟ ಎಂದು ಕೇಳಿದೆ. ಒಳಗೆ ಹೋದ ಮೇಲೆ ಏನು ಮಾತಾಡಬೇಕೋ ತಿಳಿಯುವುದಿಲ್ಲ ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನೊಡನೆ ಆಡಿದ ಏಕೈಕ ಪ್ರಾಮಾಣಿಕ ವಾಕ್ಯ ಅದು, ಆದ್ದರಿಂದ ಹೋದೆ.

ಪುಟ್ಟಗೌರಮ್ಮ ನಮ್ಮನ್ನು ಕೂರಿಸಿದರು. ತೊಟ್ಟಿಲಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ಆಕೆ ಒಳಗೆ ಹೋಗಿ ಎರಡು ಸ್ಟೀಲ್ ಲೋಟಗಳಲ್ಲಿ ಕಾಫಿ ತಂದರು. ನಾನು ತೆಗೆದುಕೊಂಡೆ. ಪ್ರೊಫೆಸರರು ಅಭ್ಯಾಸಬಲದಿಂದ ಅಂಗೈ ಅಡ್ಡ ಹಿಡಿದು, ತಾವು ಕಾಫಿ ಕುಡಿಯುವುದಿಲ್ಲ ಎಂದರು.

ಪುಟ್ಟಗೌರಮ್ಮ ಲೋಟವನ್ನು ಹಿಂದೆ ತೆಗೆಯಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು.

"ನಮ್ಮ ಮಗು ಕುಡೀತು ಸಾರ್. ನೀವು ಕುಡಿಯಲ್ವಾ?"

ಪ್ರೊಫೆಸರರು ಲೋಟವನ್ನು ತೆಗೆದುಕೊಂಡರು. ಒಂದೊಂದು ಗುಟುಕಿಗೂ ಮುಖ ಕಿವುಚುತ್ತ, ಬಿಸಿ ಆರಿ ಕೆನೆ ಕಟ್ಟುವವರೆಗೂ ಬಿಡದೆ, ತಳದ ಗಸಿಯ ತನಕ ಕುಡಿದರು. ನಾನು ನನ್ನದನ್ನು ಕುಡಿಯಲು ಮರೆತಿದ್ದೆ. ಅವರು ಖಾಲಿ ಲೋಟವನ್ನು ನೆಲದ ಮೇಲಿಟ್ಟು, ಮೊದಲ ಬಾರಿಗೆ ಎದುರಿದ್ದವರ ಮುಖವನ್ನೇ ನೋಡಿ ಹೇಳಿದರು: "ಹೇಳಿದ್ದು ನಾನೇ ಅಮ್ಮ. ನೀವು ಅಪಾರ್ಥ ಮಾಡ್ಕೊಳ್ಳಲಿಲ್ಲ. ನಾನು ಹೇಳಿದ್ದನ್ನೇ ನೀವು ಮಾಡಿದ್ರಿ."

ಇಂಥ ಗಳಿಗೆಯಲ್ಲಿ ಆಕೆ ಕಣ್ಣೊರೆಸಿಕೊಂಡು ಕ್ಷಮಿಸಿದರೆಂದು ಬರೆದರೆ ನಿಮಗೂ ಸಂತೋಷ, ನನಗೂ ಸುಲಭ. ಆಕೆ ಖಾಲಿ ಲೋಟ ಎತ್ತಿಕೊಂಡು, "ಇನ್ನೊಂದು ಲೋಟ ತರ್ಲಾ ಸಾರ್?" ಎಂದರು. ಪ್ರೊಫೆಸರರು ಬೇಡವೆಂದು ಕೈಮುಗಿದರು. ಮರುದಿನ ಬೆಳಿಗ್ಗೆ ಕೆಂಪು ಕಣ್ಣಿನೊಂದಿಗೆ ನನ್ನ ಗೇಟಿನ ಬಳಿ ನಿಂತಿದ್ದರು. ರಾತ್ರಿ ನಿದ್ದೆಯೇ ಬರಲಿಲ್ಲವಂತೆ, ಎದೆ ಡವಡವ ಎನ್ನುತ್ತಲೇ ಇತ್ತಂತೆ. ಇದೊಂದನ್ನು ಅವರು ನಕ್ಷೆಯಿಲ್ಲದೆ ವಿವರಿಸಿದರು.

ಆಮೇಲೆ ಅವರು ಎಲ್ಲೂ ಉಪನ್ಯಾಸ ಮಾಡಲಿಲ್ಲ. ಒಳ್ಳೆಯವರಾದರು ಎಂದೇನೂ ನಾನು ಹೇಳುವುದಿಲ್ಲ. ಮಾಲ್ಟಿನ ಫ್ಲಾಸ್ಕ್ ಹಿಡಿದು ಬಂದು ನನ್ನ ಕಾಫಿಯನ್ನು ಕೆಡಿಸುವುದನ್ನು ಕೊನೆಯವರೆಗೂ ನಡೆಸಿದರು. ಹಿಂದಿನ ಕ್ರಾಸಿನಲ್ಲಿ ಹೋಗುವಾಗ ಮಾತ್ರ ಆ ಮನೆಯ ಮುಂದೆ ನಡಿಗೆ ನಿಧಾನವಾಗುತ್ತಿತ್ತು. ವರ್ಷಗಳು ಕಳೆದು ಹುಡುಗಿಯಾಗಿ ಬೆಳೆದ ಆ ಕೂಸು ಅಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರೆ, ಪ್ಯಾಂಟಿನ ಮೇಲೆ ಅವರ ಬೆರಳು ಏಳುತ್ತ ಇಳಿಯುತ್ತ ಇರುತ್ತಿತ್ತು.

ಶ್ರದ್ಧಾಂಜಲಿ ಸಭೆಗೆ ಪುಟ್ಟಗೌರಮ್ಮ ಬಂದಿದ್ದರು, ಅದೇ ಎರಡನೆಯ ಸಾಲಿಗೆ. ಅಧ್ಯಕ್ಷರು ಕಾಫಿಪ್ರಿಯರು ಎಂದಾಗ ನನ್ನ ಕಡೆ ಬಗ್ಗಿ, "ಒಂದೇ ಲೋಟ. ಅದೂ ಬೇವಿನ ಕಷಾಯ ಕುಡಿದಂಗೆ" ಎಂದು ಪಿಸುಗುಟ್ಟಿದರು. ಕೊನೆಗೆ ಮೌನಾಚರಣೆ ಎಂದರು. ಎಲ್ಲರೂ ಎದ್ದು, ತಲೆ ತಗ್ಗಿಸಿ, ಉಸಿರು ಬಿಗಿಹಿಡಿದು ನಿಂತೆವು. ಅಷ್ಟರಲ್ಲಿ ಹೊರಗೆ ಪಾರ್ಕಿನಲ್ಲಿ ಆಡುತ್ತಿದ್ದ ಹುಡುಗಿ ಮೆಟ್ಟಿಲು ಹತ್ತಿ ಓಡಿಬಂದು ಅಜ್ಜಿಯ ಪಕ್ಕದಲ್ಲಿ ನಿಂತಿತು. ಕೂದಲೆಲ್ಲ ಬೆವರು. ಆ ಸಭಾಂಗಣದ ಮೌನದಲ್ಲಿ ಅದೊಂದೇ ಸದ್ದು, ಏದುಸಿರು. ಗಟ್ಟಿಯಾಗಿ, ಲಜ್ಜೆಯಿಲ್ಲದೆ, ಎಳಿ, ಬಿಡು, ಎಳಿ, ಬಿಡು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಧ್ಯಕ್ಷರೂ ಒಂದು ಕಣ್ಣು ತೆರೆದರು.

ಪುಟ್ಟಗೌರಮ್ಮ ಮೊಮ್ಮಗಳ ಭುಜ ಅದುಮಿ, "ಮೆಲ್ಲಗೆ ಉಸಿರಾಡೇ. ಎಲ್ರೂ ನೋಡ್ತಾರೆ" ಎಂದರು.

"ಆಗಲ್ಲ ಅಜ್ಜಿ" ಎಂದಿತು ಹುಡುಗಿ.